ಮೊದಲು ಆಲೂಗಡ್ಡೆ, ಆಮೇಲೆ ಮನುಷ್ಯ

ಅವರು ಹೋಗಿಬಿಟ್ರು ಅಂತ ಕೆಂಗೇರಿಯಿಂದ ಸುದ್ದಿ ಬಂದಾಗ ನನಗೆ ಮೊದಲು ನೆನಪಿಗೆ ಬಂದಿದ್ದು ಅವರ ಮುಖ ಅಲ್ಲ, ಅವರ ಮೇಜಿನ ಡ್ರಾಯರು. ಅದರಲ್ಲಿ ಹತ್ತಿ, ಬ್ಯಾಂಡೇಜು ಬಟ್ಟೆ, ಕತ್ತರಿ ಇರ್ತಿತ್ತು. ಅವುಗಳ ಮಧ್ಯೆ ಯಾವಾಗ್ಲೂ ಒಂದು ಆಲೂಗಡ್ಡೆ.

ನಾನು ಹೇಳ್ತಿರೋದು ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿಗೆ ನೆಟ್ಟ ಕಲ್ಲುಗಳೇ ಜಾಸ್ತಿ. ಅಲ್ಲೊಂದು ರೇಷ್ಮೆ ಕಾರ್ಖಾನೆ ಇತ್ತು. ನಾನು ಮಾಗಡಿಯಿಂದ ಬಂದು ಅಲ್ಲಿನ ಬ್ಲೀಚಿಂಗ್ ಮನೇಲಿ ಕೆಲಸಕ್ಕೆ ಸೇರಿದ್ದೆ. ಹಳದಿ ರೇಷ್ಮೆ ಲಡಿಗಳನ್ನ ತೊಟ್ಟಿಗೆ ಇಳಿಸೋದು, ಬೆಳ್ಳಗಾದ ಮೇಲೆ ಎತ್ತೋದು, ಅದು ನನ್ನ ಕೆಲಸ. ಅವರು ಅದೇ ಕಾರ್ಖಾನೆಯ ಫಸ್ಟ್ ಏಡ್ ರೂಮಿನ ಕಾಂಪೌಂಡರು. ಎದುರಿಗೆ ಎಲ್ಲರೂ ‘ಕಾಂಪೌಂಡರ್ ಸಾರ್’ ಅಂತಿದ್ವಿ. ಅವರು ಆ ಕಡೆ ಹೋದ ಮೇಲೆ ‘ಆಲೂಗಡ್ಡೆ ಡಾಕ್ಟ್ರು’.

ಅಷ್ಟು ಹೆದರೋ ಮನುಷ್ಯನ್ನ ನಾನು ಬೇರೆ ನೋಡಿಲ್ಲ. ರೂಮಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡೋರು, ಹತ್ತು ಹೆಜ್ಜೆ ಹೋಗಿ ವಾಪಸ್ ಬಂದು ಇನ್ನೊಂದು ಸಲ ಎಳೆಯೋರು. ಕುಡಿಯೋ ನೀರನ್ನ ಲೋಟದಲ್ಲಿ ಹಿಡಿದು ಕಿಟಕಿ ಬೆಳಕಿಗೆ ಎತ್ತಿ ನೋಡದೆ ಕುಡೀತಿರಲಿಲ್ಲ. ಜಟಕಾ ಗಾಡಿ ನಿಲ್ಲೋ ಜಾಗದಲ್ಲಿ ಕುದುರೆ ಲದ್ದಿ ಬಿದ್ದಿರುತ್ತೆ ಅಂತ ಅರ್ಧ ಫರ್ಲಾಂಗ್ ಸುತ್ತಿಕೊಂಡು ಬರೋರು. ಕರೆಂಟ್ ಕಂಡ್ರೆ ಅಂತೂ ಪ್ರಾಣಭಯ. ಸ್ವಿಚ್ಚನ್ನ ಅವರು ಕೈಯಿಂದ ಮುಟ್ಟಿದ್ದನ್ನ ಯಾರೂ ಕಂಡಿಲ್ಲ. ಮೋಡ ಮುಚ್ಚಿದ ದಿನ ರೂಮಲ್ಲಿ ಕತ್ತಲೆ ಕವಿದ್ರೂ, ಯಾರಾದ್ರೂ ಗಾಯ ಮಾಡ್ಕೊಂಡು ಬಂದು ದೀಪ ಹಾಕೋ ತನಕ ಹಾಗೇ ಕೂತಿರೋರು.

“ಸಾರ್, ಕತ್ತಲೇಲಿ ಏನ್ಮಾಡ್ತಿದೀರಾ?” ಅಂತ ಕೇಳಿದ್ರೆ, “ನಿನಗೇ ಕಾಯ್ತಿದ್ದೆ ಕಣಯ್ಯಾ, ದೀಪ ಹಾಕು” ಅನ್ನೋರು.

ಲಡಿ ಸುತ್ತೋ ವಿಭಾಗದಲ್ಲಿ ಚೌಡಮ್ಮ ಅಂತ ಒಬ್ಬಳಿದ್ಲು. ಬಾಯಿ ಜೋರು. ಅವಳ ಬೆರಳಿಗೆ ಒಂದು ಸಲ ತಂತಿ ಚುಚ್ಚಿತು. ಇವರು ಬೆರಳನ್ನ ಹಿಡಿದು, ಕನ್ನಡಕ ಹಾಕಿ, ಕನ್ನಡಕ ತೆಗೆದು, ಕಿಟಕಿ ಹತ್ತಿರ ಕರ್ಕೊಂಡು ಹೋಗಿ ನೋಡ್ತಾನೇ ಇದ್ರು.

“ಅದೇನ್ ಸಾಮಿ, ಬೆರಳ್ಗೆ ಚುಚ್ಚಿರೋದ್ಕೆ ಹೆಣದ ಮಹಜರು ಮಾಡ್ದಂಗ್ ಮಾಡ್ತೀರಲ್ಲ! ಬೇಗ ಆಗ್ಲಿ, ಮೇಸ್ತ್ರಿ ಬೈತಾನೆ.”

“ಮೇಸ್ತ್ರಿ ಬೈದ್ರೆ ಸಾಯಲ್ಲಮ್ಮ. ತುಕ್ಕು ತಂತಿ ಚುಚ್ಚಿದ್ರೆ ಸಾಯ್ತಾರೆ.”

ಚೌಡಮ್ಮ ನಗ್ತಿದ್ದೋಳು ನಿಲ್ಲಿಸಿದ್ಲು. ಅವರು ಆ ಮಾತನ್ನ ಹೇಳಿದ ರೀತಿ ಹಾಗಿತ್ತು. ಅಲ್ಲಿಂದಾನೇ ಅವಳನ್ನ ದೊಡ್ಡಾಸ್ಪತ್ರೆಗೆ ಕಳಿಸಿ ಸೂಜಿ ಹಾಕಿಸಿದ್ರು.

ಅವರ ಹತ್ರ ಇದ್ದ ಔಷಧಿಗಳಲ್ಲಿ ಮುಖ್ಯವಾದದ್ದು ಒಂದೇ. ಕಂದು ಬಣ್ಣದ ಸೀಸೆ, ಅದರ ಮೇಲೆ ಕರೀ ಕಾಗದ ಸುತ್ತಿರೋದು. ಹೈಡ್ರೋಜನ್ ಪೆರಾಕ್ಸೈಡ್. ನಮಗೆ ಆ ಹೆಸರು ನಾಲಿಗೆಗೆ ಹೊರಳ್ತಿರಲಿಲ್ಲ, ನೊರೆ ಔಷಧಿ ಅಂತಿದ್ವಿ. ಗಾಯದ ಮೇಲೆ ಬಿಟ್ರೆ ಬೆಳ್ಳಗೆ ನೊರೆ ಏಳೋದು. ಆ ನೊರೆ ಜೊತೆ ಮಣ್ಣು, ಕಸ ಎಲ್ಲ ಮೇಲೆ ಬರೋದು. ಅದನ್ನ ಹತ್ತೀಲಿ ಒರೆಸೋರು. ಹಳೇ ಬ್ಯಾಂಡೇಜು ರಕ್ತ ಒಣಗಿ ಅಂಟಿಕೊಂಡಿದ್ರೆ ಕೀಳ್ತಿರಲಿಲ್ಲ, ಅದರ ಮೇಲೆ ನಾಲ್ಕು ಹನಿ ಬಿಟ್ಟು ಕಾಯೋರು, ತಾನಾಗೇ ಬಿಟ್ಕೊಳ್ಳೋದು. ಬೆರಳು ಕೊಯ್ದು ಬಿಳೀ ರೇಷ್ಮೆ ಮೇಲೆ ರಕ್ತ ಬಿತ್ತು ಅಂದ್ರೆ ಹೆಂಗಸರು ಲಡೀನ ಸೆರಗಲ್ಲಿ ಮುಚ್ಚಿಕೊಂಡು ಮೊದಲು ಇವರ ಹತ್ರ ಓಡಿ ಬರೋರು. ಅದಕ್ಕೂ ಅದೇ ಸೀಸೆ. ಒಂದು ಹನಿ, ಆಮೇಲೆ ತಣ್ಣೀರು. “ಬಿಸಿನೀರು ಹಾಕಿದ್ರೆ ಕಲೆ ಕಚ್ಕೊಳ್ಳುತ್ತೆ. ಬಣ್ಣದ ಸೀರೆಗೆ ಮಾತ್ರ ಬೇಡ್ರಮ್ಮ, ಕಲೆ ಜೊತೆ ಬಣ್ಣಾನೂ ಹೋಗುತ್ತೆ.”

ಬಾಯಿ ಹುಣ್ಣಿಗೆ ನೀರು ಸೇರಿಸಿ ಮುಕ್ಕಳಿಸೋದು, ನುಂಗೋ ಹಾಗಿಲ್ಲ. ಗಾಯಕ್ಕೆ ಮೊದಲನೇ ದಿನ ಮಾತ್ರ, ದಿನಾ ಹಾಕಿದ್ರೆ ಬರೋ ಹೊಸ ಚರ್ಮಾನೂ ಸುಡುತ್ತೆ. ಮೊಳೆ ಚುಚ್ಚಿದ ಆಳದ ತೂತಿಗೆ ಸುರಿಯೋ ಹಾಗಿಲ್ಲ, ನೊರೆಗೆ ಹೊರಗೆ ಬರೋಕೆ ದಾರಿ ಬೇಕು. ಸೀಸೆ ಬಿಸಿಲಿಗೆ ಇಡೋ ಹಾಗಿಲ್ಲ. ಇಷ್ಟನ್ನೂ ಅವರು ಎಷ್ಟು ಸಲ ಹೇಳಿದಾರೆ ಅಂದ್ರೆ, ನಮ್ಮ ಬ್ಲೀಚಿಂಗ್ ಮನೇಲಿ ಹುಡುಗರು ಅವರ ದನಿ ಅನುಕರಣೆ ಮಾಡಿಕೊಂಡು ಹೇಳ್ತಾ ನಗ್ತಿದ್ರು.

ದಿನಾ ಬೆಳಿಗ್ಗೆ ರೂಮಿನ ಬಾಗಿಲು ತೆಗೆದ ತಕ್ಷಣ ಅವರು ಮಾಡ್ತಿದ್ದ ಕೆಲಸ ಇದು. ಡ್ರಾಯರಿಂದ ಆಲೂಗಡ್ಡೆ ತೆಗೆದು ಒಂದು ತೆಳ್ಳನೆ ಬಿಲ್ಲೆ ಕೊಯ್ಯೋರು. ಆ ಹಸೀ ಬಿಲ್ಲೆ ಮೇಲೆ ಸೀಸೆಯಿಂದ ಒಂದು ಹನಿ ಬಿಟ್ಟು, ಬಗ್ಗಿ, ಕಣ್ಣು ಕೀಲಿಸಿ ನೋಡೋರು. ಸಣ್ಣಗೆ ನೊರೆ ಎದ್ರೆ ಉಸಿರು ಬಿಡೋರು. “ಜೀವ ಇದೆ” ಅನ್ನೋರು. ನೊರೆ ಬರಲಿಲ್ಲ ಅಂದ್ರೆ ಆ ಸೀಸೇನ ಅಲ್ಲೇ ಮೋರಿಗೆ ಸುರಿಯೋರು. ಯಾರು ರಕ್ತ ಸುರಿಸ್ಕೊಂಡು ಬಂದು ನಿಂತಿದ್ರೂ, ಹೊಸ ಸೀಸೆ ತೆರೆದ್ರೆ ಅದರ ಮೊದಲ ಹನಿ ಆಲೂಗಡ್ಡೆಗೇ.

“ಸಾರ್, ನನ್ನ ಕೈ ಕೊಯ್ದಿದೆ, ಆಲೂಗಡ್ಡೆದಲ್ಲ” ಅಂತ ಯಾರೋ ರೇಗಿದ್ರಂತೆ.

“ಮೊದಲು ಆಲೂಗಡ್ಡೆ, ಆಮೇಲೆ ಮನುಷ್ಯ” ಅಂದ್ರಂತೆ ಇವರು.

ನನಗೆ ಅಕ್ಷರ ಬಂದಿದ್ದು ಆ ರೂಮಲ್ಲೇ. ಊರಲ್ಲಿ ದನ ಕಾಯ್ಕೊಂಡು ಬೆಳೆದವನು ನಾನು, ಸ್ಕೂಲಿನ ಮೆಟ್ಟಿಲು ಹತ್ತಿರಲಿಲ್ಲ. ಮದುವೆ ಆಗಿ, ಮಗಳು ಪುಟ್ಟಿ ಹುಟ್ಟಿದ ಮೇಲೆ ಓದಬೇಕು ಅಂತ ಆಸೆ ಬಂತು. ಕಾಲಿಗೆ ಗಾಯ ಆಗಿ ನಾಲ್ಕು ದಿನ ಅವರ ರೂಮಿಗೆ ಹೋಗಿ ಬಂದೆ. ಸುಮ್ಮನೆ ಕೂತಿರೋವಾಗ ಸೀಸೆಗಳ ಮೇಲಿನ ಚೀಟಿ ತೋರಿಸಿ ಇದೇನು ಸಾರ್, ಅದೇನು ಸಾರ್ ಅಂತ ಕೇಳ್ತಿದ್ದೆ. ಅವರು ಹೇಳಿಕೊಟ್ರು. ಗಾಯ ವಾಸಿಯಾದ ಮೇಲೂ ಮಧ್ಯಾಹ್ನ ಊಟದ ಹೊತ್ತಲ್ಲಿ ಹೋಗ್ತಿದ್ದೆ. ಕನ್ನಡ ಸ್ಲೇಟಿನ ಮೇಲೆ, ಇಂಗ್ಲಿಷು ಸೀಸೆ ಮೇಲೆ. ನಾನು ಮೊದಲು ಪೂರ್ತಿ ಓದಿದ ಇಂಗ್ಲಿಷು ಹೆಸರು ಆ ನೊರೆ ಔಷಧೀದೇ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ ಮುಗಿಸಿದಾಗ ಬೆವರಿದ್ದೆ.

“ಶಿವಣ್ಣಾ, ನೀನು ಇನ್ಮೇಲೆ ಕುರುಡ ಅಲ್ಲ ಕಣಯ್ಯಾ” ಅಂದ್ರು. ನಾನು ಅವತ್ತು ಮನೆಗೆ ನಡ್ಕೊಂಡು ಹೋಗಲಿಲ್ಲ, ಓಡ್ಕೊಂಡು ಹೋದೆ.

ಹಾಗೆ ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. “ಸಾರ್, ಆಲೂಗಡ್ಡೆ ಯಾಕೆ? ಔಷಧಿ ಔಷಧೀನೇ ಅಲ್ವಾ?”

ಅವರು ಸ್ಲೇಟನ್ನ ಒರೆಸ್ತಾ ಇದ್ರು. ಒರೆಸ್ತಾನೇ ಹೇಳಿದ್ರು. ಮೊದಲು ಒಂದು ಸಣ್ಣ ಊರಿನ ಡಿಸ್ಪೆನ್ಸರೀಲಿ ಇದ್ರಂತೆ. ಒಬ್ಬ ಹೆಂಗಸು ಕೊಟ್ಟಿಗೇಲಿ ಕುಡುಗೋಲು ತುಳಿದು ಅಂಗಾಲು ಸೀಳಿಕೊಂಡು ಬಂದ್ಲಂತೆ. ಇವರು ಈ ಔಷಧಿ ಬಿಟ್ರಂತೆ. ನೊರೆ ಬರಲಿಲ್ಲ.

“ನೊರೆ ಬರಲಿಲ್ಲ, ಅಂದ್ರೆ ಗಾಯ ಚೊಕ್ಕವಾಗಿದೆ ಅಂದ್ಕೊಂಡೆ. ಬಟ್ಟೆ ಕಟ್ಟಿ ಕಳಿಸಿದೆ. ಆ ಸೀಸೆ ಎಷ್ಟೋ ತಿಂಗಳಿಂದ ಕಿಟಕೀಲಿ ಬಿಸಿಲಿಗೆ ಕೂತಿತ್ತು. ಅದರೊಳಗಿದ್ದದ್ದು ಬರೀ ನೀರಾಗಿತ್ತು. ಎಂಟನೇ ದಿನ ಅವಳ ದವಡೆ ಕಚ್ಕೊಂಡುಬಿಡ್ತು. ಧನುರ್ವಾಯು. ಬೆನ್ನು ಬಿಲ್ಲಿನ ಹಾಗೆ ಬಾಗ್ತಿತ್ತು. ಕಿಟಕಿ ಬಾಗಿಲು ಬಡಿದ ಸದ್ದಾದ್ರೂ ಸಾಕು, ಬಾಗ್ತಿತ್ತು.”

“ಯಾರು ಸಾರ್ ಆಕೆ?”

“ಯಾರಾದ್ರೇನು” ಅಂದ್ರು. ಸ್ಲೇಟು ಒರೆಸಿ ಒರೆಸಿ ಒಣಗಿಹೋಗಿತ್ತು. ಇನ್ನೂ ಒರೆಸ್ತಾನೇ ಇದ್ರು.

ಅವತ್ತಿಂದ ನಾನು ಅವರನ್ನ ನೋಡಿ ನಗಲಿಲ್ಲ. ಅವರ ಹೆದರಿಕೆ ಸ್ವಲ್ಪ ನನಗೂ ಅಂಟಿಕೊಂಡಿತ್ತು. ಆದ್ರೆ ಬೇಕಾದಷ್ಟು ಅಂಟಿಕೊಂಡಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು.

ಪುಟ್ಟಿಗೆ ಆಗ ನಾಲ್ಕು ವರ್ಷ. ನಾವಿದ್ದದ್ದು ಮಾಗಡಿ ರಸ್ತೆ ದಾಟಿ ಕಾಮಾಕ್ಷಿಪಾಳ್ಯದ ಕಡೆ, ಒಂದೇ ಅಂಕಣದ ಹೆಂಚಿನ ಮನೆ. ಮಗುವಿನ ಬಲಗಿವೀಲಿ ಗುಗ್ಗೆ ಕಲ್ಲಿನ ಹಾಗೆ ಕಟ್ಟಿಕೊಂಡು, ಕರೆದ್ರೆ ಕೇಳ್ತಿರಲಿಲ್ಲ, ಕಿವಿ ಹಿಡ್ಕೊಂಡು ಅಳೋಳು. ಕಾಂಪೌಂಡರು ಅವಳನ್ನ ಕರೆಸಿ ನೋಡಿದ್ರು. ಸೋರ್ತಾ ಇಲ್ಲ, ಹುಣ್ಣಿಲ್ಲ ಅಂತ ಎರಡೆರಡು ಸಲ ನೋಡಿ, “ನೊರೆ ಔಷಧಿ ಅರ್ಧ, ಕಾಯಿಸಿ ಆರಿಸಿದ ನೀರು ಅರ್ಧ. ನಾಲ್ಕು ಹನಿ. ಗುಗ್ಗೆ ಕರಗಿ ಬರುತ್ತೆ. ಹಗಲು ಬೆಳಕಲ್ಲಿ ಹಾಕಬೇಕು, ದೀಪದ ಬೆಳಕಲ್ಲಿ ಕಿವಿಗೆ ಏನೂ ಬಿಡಬಾರದು” ಅಂದ್ರು. ಆದ್ರೆ ಅವತ್ತು ಅವರ ಹತ್ರ ಔಷಧಿ ಮುಗಿದಿತ್ತು. ಖಾಲಿ ಕಂದು ಸೀಸೆ ಒಂದನ್ನ ತೊಳೆದು ಕೊಟ್ಟು, “ಸೋಮವಾರ ಬರುತ್ತೆ, ತುಂಬಿಸ್ಕೊಡ್ತೀನಿ” ಅಂದ್ರು.

ಆ ಖಾಲಿ ಸೀಸೆ ಜೇಬಲ್ಲಿ ಇಟ್ಕೊಂಡು ನಾನು ಬ್ಲೀಚಿಂಗ್ ಮನೆಗೆ ವಾಪಸ್ ಬಂದೆ. ಮೂಲೇಲಿ ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸಿದ ದೊಡ್ಡ ದೊಡ್ಡ ಗಾಜಿನ ಜಾಡಿಗಳು. ರೇಷ್ಮೆ ಬೆಳ್ಳಗೆ ಮಾಡೋ ದ್ರಾವಣ. ವರ್ಷಗಟ್ಟಲೆ ಅವುಗಳ ಪಕ್ಕ ಓಡಾಡಿದ್ದೆ. ಅವತ್ತು, ಅಕ್ಷರ ಕಲಿತವನ ಚಟ ನೋಡಿ, ಬಗ್ಗಿ ಅದರ ಮೇಲಿನ ಚೀಟಿ ಓದಿದೆ. ಒಂದೊಂದೇ ಅಕ್ಷರ. ಸೀಸೆ ಮೇಲಿನ ಹಳೇ ಚೀಟಿ ಪಕ್ಕದಲ್ಲಿ ಹಿಡಿದು ನೋಡಿದೆ. ಅದೇ ಹೆಸರು! ಅಕ್ಷರಕ್ಕೆ ಅಕ್ಷರ ಅದೇ. ನನ್ನ ಮಗಳ ಔಷಧಿ ನನ್ನ ಕಾಲ ಬುಡದಲ್ಲೇ ಕೊಡಗಟ್ಟಲೆ ಇತ್ತು, ಓದೋಕೆ ಬರದೆ ನನಗೆ ಗೊತ್ತಾಗಿರಲಿಲ್ಲ ಅಂದ್ಕೊಂಡೆ. ಎದೆ ಉಬ್ಬಿತು.

ಸೀಸೆ ತುಂಬಿಸಿ, ಬಿರಡೆ ಬಿಗಿಯಾಗಿ ಹಾಕಿ, ಯಾರೂ ನೋಡದ ಹಾಗೆ ಮನೆಗೆ ತಂದೆ. ಹೆಂಡತಿ ನಂಜಮ್ಮನಿಗೆ ಎಲ್ಲ ವಿವರವಾಗಿ ಹೇಳಿದೆ. ನಮ್ಮ ಮನೇಲಿ ಗಡಿಯಾರ ಇರಲಿಲ್ಲ. ಆ ಕಡೆ ಯಾರ ಮನೇಲೂ ಇರಲಿಲ್ಲ. ಕಾರ್ಖಾನೆ ಸೈರನ್ನೇ ಗಡಿಯಾರ. ಎಂಟರ ಸೈರನ್ನಿಗೆ ಗಂಡಸರು ಕೆಲಸಕ್ಕೆ, ಹನ್ನೊಂದರದ್ದಕ್ಕೆ ನಮಗೆ ಟೀ, ಒಂದರದ್ದಕ್ಕೆ ಹೆಂಗಸರು ಮನೇಲಿ ಸಾರು ಇಳಿಸೋರು. ಹನ್ನೊಂದು ಗಂಟೆಗೆ ನಮ್ಮ ಹೊಸ್ತಿಲಿಗೆ ಚೆನ್ನಾಗಿ ಬಿಸಿಲು ಬರ್ತಿತ್ತು. ಅದಕ್ಕೇ ಹೇಳಿದೆ, “ನಾಳೆ ಮಗೂಗೆ ನೀರು ಹುಯ್ದು, ಹನ್ನೊಂದರ ಸೈರನ್ ಕೂಗಿದ ತಕ್ಷಣ ಹೊಸ್ತಿಲಲ್ಲಿ ಕೂತು ಹಾಕು.”

ಮಾರನೇ ದಿನ ಕೈಗೆ ಆದ ಒಂದು ಗೀರುಗಾಯದ ನೆಪ ಮಾಡಿಕೊಂಡು ಫಸ್ಟ್ ಏಡ್ ರೂಮಿಗೆ ಹೋದೆ. ನಿಜ ಹೇಳಬೇಕು ಅಂದ್ರೆ ಜಂಬ ಕೊಚ್ಚಿಕೊಳ್ಳೋಕೆ ಹೋದೆ.

“ಸಾರ್, ನಿಮ್ಮ ಸೋಮವಾರ ಕಾಯ್ಲಿಲ್ಲ ನಾನು. ಔಷಧಿ ನಾನೇ ಓದಿ ಹುಡುಕಿದೆ.”

“ಎಲ್ಲಿ?”

“ನಮ್ಮ ಜಾಡೀಲಿ. ಅದೇ ಹೆಸರು ಸಾರ್, ಅಕ್ಷರ ಅಕ್ಷರ ತಾಳೆ ನೋಡಿದೆ.”

ಅವರು ಎದ್ದು ನಿಂತ್ರು. “ಹೆಸರಿನ ಕೆಳಗೆ ಅಂಕಿ ಏನಿತ್ತು?”

“ಅಂಕಿ?”

“ಅಂಕಿ ಕಣಯ್ಯಾ, ಔಷಧಿ ಎಷ್ಟು ಖಾರ ಅಂತ ಹೇಳೋದು! ನಂದರಲ್ಲಿ ಹತ್ತು ಅಂತ ಇರುತ್ತೆ. ಅದರಲ್ಲಿ?”

ನಾನು ಅಕ್ಷರ ಓದಿದ್ದೆ. ಅಂಕಿ ಓದಿರಲಿಲ್ಲ. ಕಣ್ಣು ಮುಚ್ಚಿಕೊಂಡು ಜಾಡಿ ಚೀಟಿ ನೆನಪು ಮಾಡ್ಕೊಂಡೆ. ಹತ್ತರ ಹಾಗೇ ಇತ್ತು. ಮುಂದೆ ಇನ್ನೊಂದು ಸೊನ್ನೆ ಇತ್ತು ಅಂದೆ.

“ಆ ಜಾಡಿ ಮುಚ್ಚಳಕ್ಕೆ ಉಸಿರಾಡೋಕೆ ತೂತು ಬಿಟ್ಟಿರ್ತಾರೆ, ನೋಡ್ಲಿಲ್ವಾ? ಬಿಗಿಯಾಗಿ ಮುಚ್ಚಿದ್ರೆ ಸಿಡಿಯೋ ವಸ್ತು ಅದು. ಮನುಷ್ಯನ ಚರ್ಮ ಸುಡುತ್ತೆ. ಮಗು ಕಿವೀಗೆ... ಯಾವಾಗ ಹಾಕ್ತಾರೆ?”

“ಹನ್ನೊಂದರ ಸೈರನ್ನಿಗೆ ಸಾರ್.”

ಗೋಡೆ ಗಡಿಯಾರದಲ್ಲಿ ಹತ್ತೂ ಮುಕ್ಕಾಲು.

“ಸೈಕಲ್ಲಲ್ಲಿ ನಿನ್ನ ಮನೆಗೆ ಎಷ್ಟು ಹೊತ್ತು?”

“ಇಪ್ಪತ್ತೈದು ನಿಮಿಷ.” ಹೇಳ್ತಾ ಹೇಳ್ತಾನೇ ಲೆಕ್ಕ ನನಗೂ ಗೊತ್ತಾಯ್ತು. ಮೇಜು ಹಿಡ್ಕೊಂಡೆ.

ಅವರು ಗೇಟಿಗೆ ಒಂದು ಚೀಟಿ ಗೀಚಿ ನನ್ನ ಕೈಗೆ ತುರುಕಿದ್ರು. “ಹೋಗು. ಹನ್ನೊಂದು ಆಗಲ್ಲ.”

“ಏನಂದ್ರಿ ಸಾರ್?”

“ಇವತ್ತು ಹನ್ನೊಂದು ಆಗಲ್ಲ ಅಂದೆ. ನಡಿ!”

ಗೇಟಿನವನ ಸೈಕಲ್ಲು ತಗೊಂಡು ತುಳಿದೆ. ಆ ದಾರಿ ನನಗೆ ಇವತ್ತಿಗೂ ಕನಸಲ್ಲಿ ಬರುತ್ತೆ. ಎರಡೂ ಕಡೆ ಬರೀ ಸೈಟುಗಳು, ಕೆಂಪು ಮಣ್ಣು, ನಡುನಡುವೆ ಗಾರೆ ಕಲೆಸ್ತಿರೋ ಜನ. ನಾನು ಮುಂದೆ ನೋಡ್ತಿರಲಿಲ್ಲ, ಬೆನ್ನ ಹಿಂದಿನಿಂದ ಬರೋ ಸದ್ದಿಗೆ ಕಿವಿ ಕೊಟ್ಟಿದ್ದೆ. ಸೈರನ್ ಕೂಗಬೇಡ, ಕೂಗಬೇಡ ಅಂತ ಪೆಡಲ್ ತುಳಿದಷ್ಟು ಸಲ ಹೇಳ್ಕೊಂಡೆ. ಎಲ್ಲೋ ಲಾರಿ ಹಾರನ್ ಹೊಡೆದ್ರೆ ಅದೇ ಸೈರನ್ ಅಂದ್ಕೊಂಡೆ. ಮಾಗಡಿ ರಸ್ತೆ ದಾಟೋವಾಗ ಚೈನು ಕಳಚಿಕೊಂಡಿತು. ಕೂತು ಹಾಕೋಕೆ ಹೋದ್ರೆ ಎಣ್ಣೆ ಜಿಡ್ಡಿಗೆ ಜಾರ್ತಾನೇ ಇತ್ತು. ಅಲ್ಲೊಂದು ನಲ್ಲಿ. ಇಬ್ಬರು ಹೆಂಗಸರು ಬಿಂದಿಗೆ ಇಟ್ಕೊಂಡು ನಿಂತಿದ್ರು.

“ಯಾಕಕ್ಕಾ, ಇವತ್ತು ಹನ್ನೊಂದರ್ದು ಇನ್ನೂ ಕೂಗ್ಲೇ ಇಲ್ಲ?”

“ಕೆಟ್ಟೋಗಿರ್ಬೇಕು ಬಿಡೇ.”

ಬಿಸಿಲು ನೋಡಿದೆ. ಹನ್ನೊಂದು ಆಗಿತ್ತು. ಆಗಿ ಸ್ವಲ್ಪ ಹೊತ್ತೂ ಆಗಿತ್ತು. ಚೈನು ಕೂತಿತು.

ಮನೆ ಮುಂದೆ ಸೈಕಲ್ಲು ಬಿಸಾಡಿದೆ. ನಂಜಮ್ಮ ಹೊಸ್ತಿಲ ಮೇಲೆ ಕೂತಿದ್ಲು. ತೊಡೆ ಮೇಲೆ ಪುಟ್ಟಿ ತಲೆ ಇಟ್ಕೊಂಡು ಮಲಗಿತ್ತು, ಬಲಗಿವಿ ಮೇಲಕ್ಕೆ. ನಂಜಮ್ಮನ ಕೈಯಲ್ಲಿ ಮಗುಗೆ ಹಾಲು ಕುಡಿಸ್ತಿದ್ದ ಹಿತ್ತಾಳೆ ಒಳಲೆ. ಅದರ ಮೂತಿ ಕಿವಿಯಿಂದ ಒಂದು ಗೇಣು ಮೇಲೆ. ಒಳಲೆ ಒಳಗೆ ಕುದಿಯೋ ಹಾಗೆ ಸುಯ್ಗುಡ್ತಾ ಇತ್ತು.

“ಓ, ನೀವ್ಯಾಕ್ ಬಂದ್ರಿ? ಸೈರನ್ ಕೂಗ್ಲಿ ಅಂತ ಆಗಿಂದ ಕಾಯ್ತಿದೀನಿ. ಬಿಸಿಲು ಹೋಗೇಬಿಡುತ್ತೆ, ಇನ್ನು ಹಾಕೇಬಿಡೋಣ ಅಂದ್ಕೊಂಡೆ. ನೋಡಿ, ಎಷ್ಟು ನೊರೆ! ಒಳ್ಳೇ ಔಷಧಿಗೆ ನೊರೆ ಬರುತ್ತೆ ಅಂತ ನೀವೇ ಹೇಳಿದ್ರಲ್ಲ...”

ಅವಳ ಮಣಿಕಟ್ಟು ಹಿಡಿದು ಒಳಲೆ ಕಿತ್ತು ಅಂಗಳಕ್ಕೆ ಎಸೆದೆ. ಸಗಣಿ ಸಾರಿಸಿದ ನೆಲದ ಮೇಲೆ ಅದು ಚೆಲ್ಲಿ, ಬಿಳೀ ನೊರೆ ಉಕ್ಕಿ, ಹಬೆ ಎದ್ದಿತು. ಪುಟ್ಟಿ ಎದ್ದು ಕೂತು ಅದನ್ನ ನೋಡಿ ಕೈ ತಟ್ಟಿ ನಕ್ಕಿತು.

ನಂಜಮ್ಮ ನಗಲಿಲ್ಲ. ತನ್ನ ಬಲಗೈ ಬೆರಳುಗಳನ್ನ ನನ್ನ ಮುಂದೆ ಹಿಡಿದ್ಲು. ತುದಿಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. “ಬೆಳಿಗ್ಗೆ ಬಿರಡೆ ಠಪ್ ಅಂತ ತಾನಾಗೇ ಹಾರಿ ಜಂತೆಗೆ ಬಡೀತು. ಚೆಲ್ಲಿದ್ದನ್ನ ಒರೆಸಿದೆ. ಆಗಿಂದ ಉರೀತಿದೆ ರೀ. ಇದೇನಿದು?”

ನಾನು ಹೊಸ್ತಿಲ ಮೇಲೇ ಕೂತುಬಿಟ್ಟೆ. ಮಗು ಕಿವೀನ ಕೈಯಿಂದ ಮುಚ್ಚಿ ಹಿಡ್ಕೊಂಡೆ. ಬಿಡೋಕೆ ಧೈರ್ಯ ಬರಲಿಲ್ಲ.

ಮಿಕ್ಕ ಸೀಸೇನ ಬಿರಡೆ ಹಾಕದೆ, ಬಾಯಿಗೆ ಬಟ್ಟೆ ಸಡಿಲವಾಗಿ ಕಟ್ಟಿ, ಹ್ಯಾಂಡಲ್ಲಿಗೆ ನೇತುಹಾಕಿ, ಸೈಕಲ್ಲು ಮೆಲ್ಲಗೆ ತುಳಿದುಕೊಂಡು ಕಾರ್ಖಾನೆಗೆ ಬಂದೆ. ಟೈಂ ಆಫೀಸಿನ ಮುಂದೆ ಜನ ಸೇರಿದ್ರು. ಒಳಗೆ ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ, ಕಾಲು ನೀಡಿಕೊಂಡು ಅವರು ಕೂತಿದ್ರು. ಅಂಗಿ ಕಾಲರ್ ಹರಿದಿತ್ತು. ಕನ್ನಡಕ ಇರಲಿಲ್ಲ. ಕರೆಂಟು ಹೊಡೀದಿರ್ಲಿ ಅಂತ ಬಲಗೈಗೆ ಹತ್ತಿ ಸುತ್ತಿ ಸುತ್ತಿ ಬ್ಯಾಂಡೇಜು ಮಾಡ್ಕೊಂಡಿದ್ರು. ಸ್ವಿಚ್ ಮುಟ್ಟೋಕೆ ಹೆದರೋ ಮನುಷ್ಯ ಆ ಕೈಯಿಂದ ಸೈರನ್ನಿನ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡಿದ್ರು.

ಟೈಂ ಕೀಪರ್ ಕೂಗಾಡ್ತಿದ್ದ. “ಏನ್ ಸ್ವಾಮಿ, ಇದೇನು ನಿಮ್ಮಪ್ಪನ ಮನೆ ಸೈರನ್ನಾ? ಕೊಡ್ರೀ ಫ್ಯೂಸು! ಆರುನೂರು ಜನ ಟೀ ಕುಡೀದೆ ನಿಂತವ್ರೆ!”

ಅವರು ನನ್ನನ್ನ ನೋಡಿದ್ರು. ಒಂದು ಬೆರಳಿಂದ ಬಲಗಿವಿ ಮುಟ್ಟಿಕೊಂಡ್ರು.

ನಾನು ಇಲ್ಲ ಅನ್ನೋ ಹಾಗೆ ತಲೆ ಆಡಿಸಿದೆ. ಹಾಕಿರಲಿಲ್ಲ.

ಅವರು ಎದ್ದು, ಫ್ಯೂಸ್ ತೆಗೆದು ಟೈಂ ಕೀಪರ್ ಕೈಗಿಟ್ಟು, “ತಗೊಳ್ಳಪ್ಪಾ, ನೀನೇ ಹಾಕು. ನನಗೆ ಕರೆಂಟು ಅಂದ್ರೆ ಭಯ” ಅಂದ್ರು. ಯಾರೋ ಗೊಳ್ ಅಂತ ನಕ್ರು. ಹನ್ನೆರಡಕ್ಕೆ ಹತ್ತು ನಿಮಿಷ ಇರೋವಾಗ ಹನ್ನೊಂದರ ಸೈರನ್ ಕೂಗಿತು.

ಮಧ್ಯಾಹ್ನ ಅವರು ನನ್ನನ್ನ ರೂಮಿಗೆ ಕರೆದ್ರು. ಬೈತಾರೆ ಅಂದ್ಕೊಂಡೆ. ಡ್ರಾಯರಿಂದ ಆಲೂಗಡ್ಡೆ ತೆಗೆದು ಒಂದು ಬಿಲ್ಲೆ ಕೊಯ್ದು, ನಾನು ತಂದ ಸೀಸೆಯಿಂದ ಒಂದು ಹನಿ ಬಿಟ್ರು. ಸಣ್ಣಗೆ ಏಳೋ ನೊರೆ ಅಲ್ಲ ಅದು. ಬಿಲ್ಲೆ ಭುಸುಗುಟ್ಟಿತು, ಹೊಗೆಯಾಡಿತು. ಬೆರಳಿಟ್ಟು ನೋಡು ಅಂದ್ರು. ಬಿಸಿಯಾಗಿತ್ತು. ನಾನು ಅಳೋಕೆ ಶುರು ಮಾಡಿದೆ.

“ನೊರೆ ಬರದೇ ಇದ್ರೆ ಹೆದರಬೇಕು ಅಂತ ಮಾತ್ರ ನಿನಗೆ ಹೇಳ್ಕೊಟ್ಟೆ” ಅಂದ್ರು. “ಜಾಸ್ತಿ ಬಂದ್ರೂ ಹೆದರಬೇಕು ಅಂತ ಹೇಳ್ಕೊಡಲಿಲ್ಲ. ಅಕ್ಷರ ಕಲಿಸಿ ಅಂಕಿ ಬಿಟ್ಟೆ. ತಪ್ಪು ನಂದು.”

ಮೂರನೇ ದಿನ ಮ್ಯಾನೇಜರು ಅವರನ್ನ ಕರೆಸಿದ್ರು. ನಾನು ಹೊರಗೆ ಗೋಡೆ ಪಕ್ಕ ನಿಂತಿದ್ದೆ. ಬಾಗಿಲು ಅರ್ಧ ತೆರೆದಿತ್ತು.

“ಯಾಕೆ ಸೈರನ್ ನಿಲ್ಲಿಸಿದ್ರಿ?”

“ಹೆದರಿಕೆ ಆಯ್ತು ಸಾರ್.”

“ಯಾತಕ್ಕೆ ಹೆದರಿಕೆ?”

“ನನಗೆ ಎಲ್ಲಕ್ಕೂ ಹೆದರಿಕೆ ಸಾರ್. ಯಾರನ್ನ ಬೇಕಾದ್ರೂ ಕೇಳಿ.”

ಬ್ಲೀಚಿಂಗ್ ಮನೆ ಸಾಮಾನು ಕದ್ದು ಹೊರಗೆ ಒಯ್ದವನಿಗೆ ಅವತ್ತೇ ಬಾಗಿಲು ತೋರಿಸ್ತಿದ್ರು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಒಳಗೆ ಹೋಗಿ ಹೇಳಬೇಕು ಅಂತ ಒಂದು ಹೆಜ್ಜೆ ಇಟ್ಟೆ. ಬಾಗಿಲ ಸಂದೀಲಿ ಅವರ ಕಣ್ಣು ನನ್ನ ಮೇಲೆ ಬಿತ್ತು. ಬೇಡ ಅನ್ನೋ ಹಾಗೆ ತಲೆ ಒಂದಿಷ್ಟೇ ಅಲುಗಿಸಿದ್ರು. ಅವರು ಬೇಡ ಅಂದ್ರು ಅಂತ ನಾನು ನಿಂತೆ ಅಂದ್ರೆ ಸುಳ್ಳಾಗುತ್ತೆ. ಅವರು ತಲೆ ಅಲುಗಿಸೋಕೆ ಮುಂಚೆಯೇ ನನ್ನ ಕಾಲು ನಿಂತಿತ್ತು.

ಆ ತಿಂಗಳ ಕೊನೆಗೆ ಅವರನ್ನ ಕಳಿಸಿಬಿಟ್ರು. ಹೋಗೋವಾಗ ಡ್ರಾಯರಲ್ಲಿದ್ದ ಆಲೂಗಡ್ಡೇನ ಒರೆಸಿ ಕೋಟಿನ ಜೇಬಿಗೆ ಹಾಕ್ಕೊಂಡ್ರು. ರೂಮಿಗೆ ಬೀಗ ಹಾಕಿ ಮೂರು ಸಲ ಎಳೆದು, ಹತ್ತು ಹೆಜ್ಜೆ ಹೋಗಿ, ವಾಪಸ್ ಬಂದು ಇನ್ನೊಂದು ಸಲ ಎಳೆದ್ರು. ಅದೇ ವಾರ ನಾನು ಕೆಂಪು ಬಣ್ಣ ತಗೊಂಡು ಆ ಜಾಡಿಗಳ ಮೇಲೆಲ್ಲ ದೊಡ್ಡದಾಗಿ ಕನ್ನಡದಲ್ಲಿ ಬರೆದೆ: ‘ಇದು ಔಷಧಿ ಅಲ್ಲ’. ನಾಲ್ಕು ಜನ ಓದಲಿ ಅಂತ ನಾನು ಬರೆದ ಮೊದಲನೇ ವಾಕ್ಯ ಅದು.

ಕೆಂಗೇರೀಲಿ ಅವರು ಒಂದು ಮನೆಯ ಹೊರಗಿನ ಕೋಣೇಲಿದ್ರು. ವರ್ಷಕ್ಕೊಂದು ಸಲ ಹೋಗಿ ನೋಡ್ಕೊಂಡು ಬರ್ತಿದ್ದೆ. ಪ್ರತಿ ಸಲ ಮೊದಲು ಕೇಳ್ತಿದ್ದದ್ದು ಒಂದೇ. “ಕೇಳ್ತಾ ಇದ್ಯಾ ಅವಳಿಗೆ, ಚೆನ್ನಾಗಿ?” ಕೇಳುತ್ತೆ ಸಾರ್ ಅಂತಿದ್ದೆ. “ಎರಡೂ?” ಎರಡೂ ಸಾರ್. ಆಮೇಲೆ ಬೇರೆ ಮಾತು. ಒಂದು ಸಲ ನಾನು ಧೈರ್ಯ ಮಾಡಿ, “ಸಾರ್, ಅವತ್ತು ಮ್ಯಾನೇಜರ ಮುಂದೆ ನಾನು ಬಾಯಿ ಬಿಡಲಿಲ್ಲ” ಅಂದೆ. “ಹೆದರಿದ್ದು ಒಳ್ಳೇದಾಯ್ತು ಬಿಡು. ಹೆಂಡ್ತಿ ಮಗು ಇರೋನು ಹೆದರಬೇಕು” ಅಂದ್ರು. ನನಗೆ ಅದರಿಂದ ಸಮಾಧಾನ ಆಗಲಿಲ್ಲ. ಸಮಾಧಾನ ಆಗಲಿ ಅಂತ ಅವರು ಹೇಳಿದ್ರು ಅಷ್ಟೇ. ಪುಟ್ಟಿಗಂತೂ ಈ ಕಥೆ ನಾನು ಹೇಳಿರಲಿಲ್ಲ. ನಂಜಮ್ಮನಿಗೂ ಹೇಳಬೇಡ ಅಂದಿದ್ದೆ.

ಸುದ್ದಿ ಬಂದ ದಿನ ಪುಟ್ಟೀನ ಕರ್ಕೊಂಡು ಹೋದೆ. ಈಗ ಅವಳಿಗೆ ಮದುವೆ ವಯಸ್ಸು. ಆದ್ರೂ ಮನೇಲಿ ಪುಟ್ಟೀನೇ. ಎಲ್ಲ ಮುಗಿದು ಜನ ಚದುರಿದ ಮೇಲೆ ಮನೆ ಒಡತಿ ಅಜ್ಜಿ ಅವರ ಕೋಟು ತಂದ್ರು. ಒಳಜೇಬಿಂದ ಒಂದು ಸಣ್ಣ ಸೀಸೆ ತೆಗೆದು ತೋರಿಸಿದ್ರು. ಕರೀ ಕಾಗದ ಸುತ್ತಿತ್ತು.

“ಇದೇನಪ್ಪಾ? ಔಷಧೀನೋ, ವಿಷಾನೋ? ಎಸೀಲಾ?”

“ಅಜ್ಜೀ, ಮನೇಲಿ ಆಲೂಗಡ್ಡೆ ಇದ್ಯಾ?”

ಅಜ್ಜಿ ನನ್ನ ಮುಖ ನೋಡಿದ್ರು. ಒಳಗೆ ಹೋಗಿ ಒಂದನ್ನ ತಂದುಕೊಟ್ರು. ಜಗಲಿ ಮೇಲೆ ಕೂತು ಬಿಲ್ಲೆ ಕೊಯ್ದೆ. ಚೀಟಿ ತಿರುಗಿಸಿ ಮೊದಲು ಅಂಕಿ ಓದಿದೆ. ಹತ್ತು. ಆಮೇಲೆ ಅಕ್ಷರ. ಒಂದು ಹನಿ ಬಿಟ್ಟೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಿಲ್ಲೆ ಮೇಲೆ ಸಣ್ಣಗೆ, ಬೆಳ್ಳಗೆ ನೊರೆ ಎದ್ದಿತು. ಜೀವ ಇತ್ತು.

“ಏನಪ್ಪಾ ಇದು?” ಅಂದ್ಲು ಪುಟ್ಟಿ. ಪಕ್ಕದಲ್ಲಿ ಕೂತು, ತಲೆಕೂದಲು ಹಿಂದಕ್ಕೆ ಸರಿಸಿ, ಬಿಲ್ಲೆ ಕಡೆ ಬಗ್ಗಿದ್ಲು. ಬಲಗಿವಿ ಹತ್ತಿರ ತಂದ್ಲು.

ಆ ಸದ್ದು ನನಗೆ ಈಗ ಕೇಳಲ್ಲ, ಕಾರ್ಖಾನೆ ಸದ್ದಿಗೆ ಮಂದವಾದ ಕಿವಿ.

“ಅಪ್ಪಾ,” ಅಂದ್ಲು, “ಸುಯ್ ಅಂತಿದೆ.”